ಜೀನಿನ ಬರಹ ಬೇರೆ, ಓದು ಬೇರೆ

ಪತ್ರ: ತಂಗಿಗೆ ಬೈಪೋಲಾರ್ ಕಾಯಿಲೆ (ಮನಸ್ಸು ಉನ್ಮಾದ, ಖಿನ್ನತೆಗಳ ನಡುವೆ ತೂಗಾಡುವ ರೋಗ). ಎರಡು ವರ್ಷದಿಂದ ಲಿಥಿಯಂ ತಗೊಂಡು ಆರಾಮಾಗಿದ್ದಾಳೆ. ಆ ಮಾತ್ರೆ ಜೀನ್‌ಗಳನ್ನೇ ಬದಲಿಸುತ್ತದೆ ಎಂದು ಓದಿ ಮನೆಯವರೆಲ್ಲ ಹೆದರಿದ್ದೇವೆ. ಹೇಗೂ ಗುಣವಾಗಿದೆಯಲ್ಲ, ನಿಲ್ಲಿಸಿಬಿಡಬಹುದೇ?

ಸಂಪಾದಕರ ಉತ್ತರ: ಓದಿದ್ದೀರಿ, ಸಂತೋಷ. ಆದರೆ ಅರ್ಧಕ್ಕೇ ಬಿಟ್ಟಿದ್ದೀರಿ. ಲಿಥಿಯಂ ಜೀನಿನ ಅಕ್ಷರ ತಿದ್ದುವುದಿಲ್ಲ. ಜೀವಕೋಶ ಯಾವ ಜೀನನ್ನು ಎಷ್ಟು ಓದಬೇಕು ಎಂಬುದನ್ನಷ್ಟೇ ಬದಲಿಸುತ್ತದೆ. ನಿದ್ದೆ, ವ್ಯಾಯಾಮ, ಊಟಗಳೂ ದಿನವಿಡೀ ಇದೇ ಕೆಲಸ ಮಾಡುತ್ತಿರುತ್ತವೆ.

ಜಿಎಸ್‌ಕೆ-3 ಎಂಬ ಕಿಣ್ವದ ಮೂಲಕ ಲಿಥಿಯಂ ಇದನ್ನು ಮಾಡುತ್ತದೆ. ಆ ಕಿಣ್ವ ಮೆಗ್ನೀಸಿಯಂ ಇಲ್ಲದೆ ನಡೆಯದು. ಲಿಥಿಯಂ ಹೆಚ್ಚುಕಡಿಮೆ ಅದೇ ಗಾತ್ರದ ಅಯಾನು (ವಿದ್ಯುದಂಶವಿರುವ ಕಣ), ಮೆಗ್ನೀಸಿಯಂ ಕೂರುವ ಜಾಗಕ್ಕೆ ಪೈಪೋಟಿಗಿಳಿದು ಕಿಣ್ವದ ವೇಗ ತಗ್ಗಿಸುತ್ತದೆ. ಲಿಥಿಯಂ ಈ ಕಿಣ್ವವನ್ನು ತಡೆಯುತ್ತದೆಂದು 1996ರಲ್ಲಿ ಗೊತ್ತಾಯಿತು. ಕಿಣ್ವ ಬಿರುಸಾಗಿದ್ದರೆ ಬೀಟಾ-ಕೆಟೆನಿನ್ ಎಂಬ ಪ್ರೋಟೀನ್ ಹುಟ್ಟುತ್ತಲೇ ನಾಶವಾಗುತ್ತದೆ. ಕಿಣ್ವ ತಣ್ಣಗಾದರೆ ಅದು ಶೇಖರವಾಗಿ ಕೋಶಕೇಂದ್ರಕ್ಕೆ ಹೊಕ್ಕು ಕೆಲವು ಜೀನ್‌ಗಳನ್ನು ಚುರುಕುಗೊಳಿಸುತ್ತದೆ. ನರಕೋಶ ಸಾಯದಂತೆ ಕಾಯುವ ಬಿಸಿಎಲ್-2, ಅದನ್ನು ಪೋಷಿಸುವ ಬಿಡಿಎನ್‌ಎಫ್ ಪ್ರೋಟೀನ್‌ಗಳು ಲಿಥಿಯಂ ಕೊಟ್ಟ ಪ್ರಯೋಗಪ್ರಾಣಿಗಳ ಮಿದುಳಿನಲ್ಲಿ ಹೆಚ್ಚಿದ್ದು ಕಂಡಿದೆ. ನಿದ್ದೆ-ಎಚ್ಚರ ನಡೆಸುವ ದೇಹದ ಗಡಿಯಾರದ ಮೇಲೂ ಲಿಥಿಯಂನ ಹಿಡಿತವಿದೆ: ರೆವ್-ಎರ್ಬ್ ಆಲ್ಫಾ ಎಂಬ ತಡೆ ಕರಗಿ, ಬಿಮ್ಯಾಲ್-1 ಎಂಬ ಗಡಿಯಾರದ ಜೀನ್ ಎಚ್ಚರಗೊಳ್ಳುತ್ತದೆ. ನಿದ್ದೆ ಕೆಡುವುದೇ ಎಷ್ಟೋ ಬಾರಿ ಉನ್ಮಾದದ ಮೊದಲ ಸೂಚನೆ ಎಂಬುದನ್ನು ನೆನೆದರೆ ಇದರ ಬೆಲೆ ತಿಳಿಯುತ್ತದೆ.

ಇದೆಲ್ಲ ಮಾತ್ರೆ ನುಂಗಿದ ಗಂಟೆಯಲ್ಲಿ ಆಗುವಂಥದ್ದಲ್ಲ, ವಾರಗಳು ಹಿಡಿಯುತ್ತವೆ. ಆದರೆ ಬಿಟ್ಟಾಗ ರಕ್ತದಿಂದ ಲಿಥಿಯಂ ಕೆಲವೇ ದಿನಗಳಲ್ಲಿ ಖಾಲಿ. ಥಟ್ಟನೆ ನಿಲ್ಲಿಸಿದವರಲ್ಲಿ ಮುಂದಿನ ತಿಂಗಳುಗಳಲ್ಲಿ ಉನ್ಮಾದ ಮರುಕಳಿಸುವ ಅಪಾಯ ಹೆಚ್ಚು. ನಿಲ್ಲಿಸಲೇಬೇಕಾದರೂ ವೈದ್ಯರ ಕಣ್ಗಾವಲಿನಲ್ಲಿ ಕನಿಷ್ಠ 4 ವಾರ, ಸಾಧ್ಯವಾದರೆ 3 ತಿಂಗಳಲ್ಲಿ ಇಳಿಸಬೇಕು. ನಿಮ್ಮ ತಂಗಿ ಆರಾಮಾಗಿರುವುದು ಮಾತ್ರೆ ಒಳಗಿರುವುದರಿಂದ. ಅದನ್ನೇ ಮಾತ್ರೆ ಬೇಡ ಎನ್ನಲು ಕಾರಣ ಮಾಡಿಕೊಳ್ಳಬೇಡಿ.

ಭಯಕ್ಕೆ ಕಾರಣವೇ ಇಲ್ಲ ಎಂದಲ್ಲ. ಮೂತ್ರಪಿಂಡ, ಥೈರಾಯ್ಡ್‌ಗಳ ಮೇಲೆ ನಿಗಾ ಬೇಕು. ಬಸಿರಿನ ಮೊದಲ ಮೂರು ತಿಂಗಳಲ್ಲಿ ಮಗುವಿನ ಹೃದಯಕ್ಕೆ ಸ್ವಲ್ಪ ಅಪಾಯವಿದೆ, ಹಾಗಾಗಿ ಮಗುವಿನ ಯೋಚನೆಯಿದ್ದರೆ ಮೊದಲೇ ವೈದ್ಯರೊಂದಿಗೆ ಮಾತಾಡಲಿ.

ನನ್ನ ಸಂಕಟ ಬೇರೆ. ಮನೋವೈದ್ಯ ಜಾನ್ ಕೇಡ್ 1949ರಲ್ಲಿ ಆಸ್ಟ್ರೇಲಿಯಾದಿಂದ ಉನ್ಮಾದ ತಣಿಸುವ ಲಿಥಿಯಂನ ಗುಣ ವರದಿ ಮಾಡಿದರು. ಅದೇ ವರ್ಷ ಅಮೆರಿಕದಲ್ಲಿ ಅಡುಗೆ ಉಪ್ಪಿನ ಬದಲು ಲಿಥಿಯಂ ಕ್ಲೋರೈಡ್ ಬಳಸಿದ ಹೃದ್ರೋಗಿಗಳಲ್ಲಿ ಕೆಲವರು ಸತ್ತರು. ರಕ್ತದಲ್ಲಿ ಅದೆಷ್ಟಿದೆ ಎಂದು ಅಳೆಯದೆ ಬಳಸಿದ ತಪ್ಪು ಲಿಥಿಯಂನ ತಲೆಗೆ ಬಂತು. ಅಲ್ಲಿ ಔಷಧಿಯಾಗಿ ಅನುಮತಿ ಸಿಕ್ಕಿದ್ದು 1970ರಲ್ಲಿ. ಮೂಲಧಾತುವಿಗೆ ಯಾರೂ ಪೇಟೆಂಟ್ ಪಡೆಯಲಾರರು, ಹೊಸ ಮಾತ್ರೆಗಳ ಪರ ಮಾತಾಡುವವರಿಗೆ ಇರುವ ಉತ್ಸಾಹ ಇದರ ಪರ ಯಾರಿಗೂ ಇಲ್ಲ. ಆತ್ಮಹತ್ಯೆ ತಡೆಯುವುದರಲ್ಲಿ ಇದರಷ್ಟು ಗಟ್ಟಿ ಪುರಾವೆಯಿರುವ ಔಷಧಿ ಈ ಕಾಯಿಲೆಗೆ ಇನ್ನೊಂದಿಲ್ಲ. ಹಾಗಿದ್ದೂ ಹಳೆಯದೆಂದು ಬದಿಗಿಡುತ್ತಾರೆ!

ಕೆಡುವುದು ಅಳತೆ ತಪ್ಪಿದಾಗ. ಕೊನೆಯ ಮಾತ್ರೆ ನುಂಗಿ 12 ಗಂಟೆಯಾದ ಮೇಲೆಯೇ ರಕ್ತ ಕೊಡಬೇಕು. ದೀರ್ಘಕಾಲದ ಬಳಕೆಯಲ್ಲಿ ಲೀಟರಿಗೆ 0.6ರಿಂದ 0.8 ಮಿಲಿಮೋಲ್ ಸಾಮಾನ್ಯ ಗುರಿ, 1.5 ದಾಟಿದರೆ ವಿಷ. ರಕ್ತ ಹೆಪ್ಪುಗಟ್ಟದಂತೆ ಲಿಥಿಯಂ ಹೆಪಾರಿನ್ ಸವರಿದ ಕೊಳವೆಯಲ್ಲಿ ರಕ್ತ ಹಿಡಿದರೆ ಅಂಕಿ ಸುಳ್ಳೇ ಏರುತ್ತದೆ, ಈ ಎಡವಟ್ಟು ಅಪರೂಪವಲ್ಲ. ಮೂತ್ರಪಿಂಡ ಲಿಥಿಯಂ ಅನ್ನು ಸೋಡಿಯಂನಂತೆಯೇ ಕಾಣುತ್ತದೆ. ಭೇದಿ, ವಾಂತಿ, ಅತಿ ಬೆವರು, ಉಪ್ಪು ಬಿಟ್ಟ ಪಥ್ಯ, ಇವುಗಳಿಂದ ಸೋಡಿಯಂ ಇಳಿದಾಗ ಅದರ ಜೊತೆಗೆ ಲಿಥಿಯಂ ಅನ್ನೂ ಒಳಗೆಳೆದುಕೊಳ್ಳುತ್ತದೆ. ನೋವಿಗೆ ನುಂಗುವ ಐಬುಪ್ರೊಫೇನ್, ಡೈಕ್ಲೋಫೆನಾಕ್, ರಕ್ತದೊತ್ತಡಕ್ಕೆ ಕೊಡುವ ಥಯಾಜೈಡ್ ಮಾತ್ರೆಗಳೂ ಮಟ್ಟ ಏರಿಸುತ್ತವೆ. ಕೈ ಜೋರಾಗಿ ನಡುಗಿದರೆ, ನಡಿಗೆ ತೂರಾಡಿದರೆ, ಮಾತು ತೊದಲಿದರೆ ಕಾಯದೆ ಆಸ್ಪತ್ರೆಗೆ ಓಡಿ.

ಇದು ಯಾರಿಗೆ ಒಗ್ಗುತ್ತದೆಂದು ಮೊದಲೇ ಹೇಳುವ ಜೀನ್ ಪರೀಕ್ಷೆ ಇನ್ನೂ ಚಿಕಿತ್ಸೆಗೆ ಬಂದಿಲ್ಲ. ನಿಮ್ಮ ತಂಗಿಗೆ ಒಗ್ಗಿದೆ ಎಂಬುದಕ್ಕೆ ಎರಡು ವರ್ಷದ ಸಾಕ್ಷಿಯಿದೆ. ಕಳೆದ ಸಲ ರಕ್ತಪರೀಕ್ಷೆ ಯಾವಾಗ ಆಯಿತೆಂದು ಮಾತ್ರ ನೀವು ಬರೆದಿಲ್ಲ. ಆರು ತಿಂಗಳಾಗಿದ್ದರೆ ಲಿಥಿಯಂ ಮಟ್ಟದ ಜೊತೆಗೆ ಮೂತ್ರಪಿಂಡದ ಸ್ಥಿತಿ ಹೇಳುವ ಕ್ರಿಯಾಟಿನಿನ್, ಥೈರಾಯ್ಡ್ ಸ್ಥಿತಿ ಹೇಳುವ ಟಿಎಸ್‌ಎಚ್, ಕ್ಯಾಲ್ಸಿಯಂಗಳನ್ನೂ ಈ ವಾರವೇ ಮಾಡಿಸಿ.