ಬಸ್ಸು ಉರುಳಿದ ಜಾಗಕ್ಕೆ ಮೊದಲು ಬಂದ ಆಂಬುಲೆನ್ಸಿನವರು ಯಾರನ್ನೂ ಎತ್ತಿಕೊಂಡು ಹೊರಡುವುದಿಲ್ಲ, ಯಾಕೆ?

ಚಾರ್ಮಾಡಿ ಘಾಟಿಯಲ್ಲಿ ಬಸ್ಸು ಉರುಳಿ ಮೂವತ್ತು ನಲವತ್ತು ಜನ ನರಳುತ್ತಿರುವಾಗ, ಮೊದಲು ತಲುಪಿದ 108ರವರು ಒಬ್ಬರನ್ನೂ ಒಯ್ಯದೆ ಚೀಟಿ ಕಟ್ಟುತ್ತಾ ಓಡಾಡುವುದು ಸರಿಯೇ ಎಂದು ಕೇಳಿದ್ದೀರಿ. ಸರಿ. ನೋಡುವವರ ಹೊಟ್ಟೆ ಉರಿಯುತ್ತದೆ, ಒಪ್ಪುತ್ತೇನೆ. ಇದೇ ಕೆಲಸ ಮಾಡುವವರ ಪೈಕಿ ನಾನೂ ಒಬ್ಬ, ಬಿಡಿಸಿ ಹೇಳುತ್ತೇನೆ.

ಗಾಡಿಯಲ್ಲಿ ಇರುವುದು ಇಬ್ಬರೇ, ಪೈಲಟ್ ಅಂದರೆ ಚಾಲಕ, ಮತ್ತು ಇಎಂಟಿ ಅಂದರೆ ತುರ್ತು ಚಿಕಿತ್ಸೆಯ ತರಬೇತಿ ಪಡೆದವರು. ಕೈಗೆ ಸಿಕ್ಕ ಮೊದಲ ಗಾಯಾಳುವನ್ನು ಹಾಕಿಕೊಂಡು ಮೂಡಿಗೆರೆಗೆ ಹೊರಟುಬಿಟ್ಟರೆ ಉಳಿದವರ ಹತ್ತಿರ ತರಬೇತಿ ಆದವರು ಯಾರೂ ಇರುವುದಿಲ್ಲ. ಇನ್ನೆಷ್ಟು ಗಾಡಿ ಬೇಕು ಎಂದು ಕಂಟ್ರೋಲ್ ರೂಮಿಗೆ ಹೇಳುವವರೂ ಇರುವುದಿಲ್ಲ. ಹಾಗಾಗಿ ಮೊದಲ ಕೆಲಸ ಫೋನು. ‘ಘಾಟಿಯಲ್ಲಿ’ ಎಂದರೆ ಸಾಲದು. ಅಣ್ಣಪ್ಪ ಸ್ವಾಮಿ ಗುಡಿಯಿಂದ ಮೇಲೋ ಕೆಳಗೋ, ರಸ್ತೆ ಯಾವ ಕಡೆ ಕಟ್ಟಿದೆ, ಅಂದಾಜು ಎಷ್ಟು ಜನ, ಡೀಸೆಲ್ ಸೋರುತ್ತಿದೆಯೇ, ಇಷ್ಟೂ ಹೋಗಬೇಕು. ಮೇಲಿನಿಂದ ಮೂಡಿಗೆರೆಯ ಗಾಡಿ, ಕೆಳಗಿನಿಂದ ಬೆಳ್ತಂಗಡಿ ಕಡೆಯದು, ಎರಡೂ ಬರಬೇಕಲ್ಲ. ಸಿಗ್ನಲ್ ಸಿಗದಿದ್ದರೆ ಬೈಕಿನವರೊಬ್ಬರ ಕೈಗೆ ಬರೆದುಕೊಟ್ಟು ಘಾಟಿಯ ಮೇಲಿನ ಊರಾದ ಕೊಟ್ಟಿಗೆಹಾರಕ್ಕೆ ಕಳಿಸಬೇಕು. ಬಾಯಲ್ಲಿ ಹೇಳಿ ಕಳಿಸಿದ್ದು ದಾರಿಯಲ್ಲೇ ಬದಲಾಗುತ್ತದೆ.

ಆಮೇಲೆ ಟ್ರಯಾಜ್, ಅಂದರೆ ನೀವು ನೋಡುವ ಆ ಚೀಟಿ ಕಟ್ಟುವ ಕೆಲಸ. ಯಾರನ್ನು ಮೊದಲು ಒಯ್ಯಬೇಕು ಎಂದು ಚೀಟಿಯ ಬಣ್ಣ ಹೇಳುತ್ತದೆ: ಕೆಂಪು ತಕ್ಷಣ ಹೋಗಬೇಕಾದವರು, ಹಳದಿ ಸ್ವಲ್ಪ ಕಾಯಬಲ್ಲವರು, ಹಸಿರು ಸಣ್ಣ ಗಾಯದವರು, ಕಪ್ಪು ಉಸಿರು ಬಾರದವರು. ‘ನಡೆಯೋಕೆ ಆಗೋರೆಲ್ಲ ಈ ಕಡೆ ಬನ್ನಿ’ ಎಂದು ಜೋರಾಗಿ ಕೂಗಿದರೆ ಎದ್ದು ಬಂದವರಿಗೆಲ್ಲ ಹಸಿರು. ಉಳಿದವರಲ್ಲಿ ಒಬ್ಬೊಬ್ಬರಿಗೂ ಹೆಚ್ಚೆಂದರೆ ಒಂದು ನಿಮಿಷ. ಉಸಿರಿಲ್ಲವೇ? ಗಲ್ಲ ಎತ್ತಿ ದಾರಿ ಬಿಡಿಸುತ್ತೇವೆ. ಉಸಿರು ಬಂದರೆ ಕೆಂಪು, ಬಾರದಿದ್ದರೆ ಕಪ್ಪು. ಉಸಿರಾಟ ನಿಮಿಷಕ್ಕೆ 30ಕ್ಕಿಂತ ಹೆಚ್ಚಿದ್ದರೆ ಕೆಂಪು. ಮಣಿಕಟ್ಟಿನಲ್ಲಿ ನಾಡಿ ಸಿಗದಿದ್ದರೆ ಕೆಂಪು. ‘ನನ್ನ ಕೈ ಹಿಂಡಿ’ ಎಂದರೆ ಹಿಂಡದಿದ್ದರೆ ಕೆಂಪು. ಇವೆಲ್ಲ ಸರಿಯಿದ್ದು ನಡೆಯಲಾಗದವರು ಹಳದಿ. ಉಗುರು ಒತ್ತಿ ಬಿಟ್ಟಾಗ 2 ಸೆಕೆಂಡಿನಲ್ಲಿ ರಕ್ತ ತಿರುಗಿ ಬರುತ್ತದೆಯೇ ಎಂದು ನೋಡುವ ಪದ್ಧತಿಯೂ ಇದೆ. ಆದರೆ ಮಲೆನಾಡಿನ ಮಳೆಯಲ್ಲಿ ನೆಂದು ಬೆರಳು ತಣ್ಣಗಾಗಿದ್ದರೆ, ಅದೂ ಟಾರ್ಚ್ ಬೆಳಕಿನಲ್ಲಿ, ಅದನ್ನು ನಂಬಬಾರದು. ನಾಡಿಯೇ ಸರಿ.

ಈ ಸುತ್ತಿನಲ್ಲಿ ಕೈ ಹಾಕುವುದು ಎರಡಕ್ಕೇ: ಉಸಿರಿನ ದಾರಿ, ಚಿಮ್ಮುವ ರಕ್ತ. ಟೂರ್ನಿಕೆಟ್ಟನ್ನು (ರಕ್ತ ನಿಲ್ಲಿಸಲು ಕೈಕಾಲಿಗೆ ಬಿಗಿಯುವ ಪಟ್ಟಿ) ಗಾಯಕ್ಕಿಂತ 5ರಿಂದ 7 ಸೆಂ.ಮೀ. ಮೇಲೆ, ಕೀಲು ಬಿಟ್ಟು, ರಕ್ತ ನಿಲ್ಲುವವರೆಗೆ ಬಿಗಿದು, ಕಟ್ಟಿದ ಹೊತ್ತನ್ನು ಅದರ ಮೇಲೆಯೇ ಬರೆಯುತ್ತೇವೆ. ಪಾಪ, ನೋವಾಗುತ್ತದೆ ಎಂದು ಯಾರೋ ನಡುವೆ ಸಡಿಲಿಸುತ್ತಾರೆ. ದಯವಿಟ್ಟು ಮುಟ್ಟಬೇಡಿ.

ನಿಂತ ಹೃದಯ ನಡೆಸಲು ಎದೆ ಒತ್ತುವುದನ್ನು (ಸಿಪಿಆರ್) ಈ ಹಂತದಲ್ಲಿ ಮಾಡುವುದಿಲ್ಲ. ಮನೆಯವರಿಗೆ ತಡೆದುಕೊಳ್ಳಲು ಆಗದ ಮಾತಿದು, ಗೊತ್ತು. ಆದರೆ ಒಬ್ಬರ ಮೇಲೆ ಹತ್ತು ನಿಮಿಷ ಬಗ್ಗಿ ಕೂತರೆ ಪಕ್ಕದಲ್ಲಿ ಬದುಕಬಹುದಾದ ಇಬ್ಬರು ರಕ್ತ ಹರಿದೇ ಹೋಗುತ್ತಾರೆ. ಕಪ್ಪು ಚೀಟಿ ಕಟ್ಟಿದ ಮಾತ್ರಕ್ಕೆ ಸಾವು ಘೋಷಿಸಿದಂತಲ್ಲ, ಅದು ವೈದ್ಯರ ಕೆಲಸ. ಕೈ ಬಿಡುವಾದಾಗ ಮತ್ತೆ ಅವರ ಹತ್ತಿರ ಬಂದೇ ಬರುತ್ತೇವೆ. ಮಕ್ಕಳ ಲೆಕ್ಕ ಬೇರೆ. ಉಸಿರಿಲ್ಲದೆ ನಾಡಿ ಸಿಕ್ಕರೆ ಕಪ್ಪು ಕಟ್ಟುವ ಮೊದಲು ಐದು ಸಲ ಉಸಿರು ಕೊಟ್ಟು ನೋಡಲೇಬೇಕು.

ತಪ್ಪಾಗುವುದು ಎಲ್ಲಿ ಗೊತ್ತೇ? ಕೂಗಾಡುವವರನ್ನು ಜನ ಮೊದಲು ಎತ್ತಿ ತರುತ್ತಾರೆ. ಕೂಗುವವರಿಗೆ ಉಸಿರಿದೆ. ಸುಮ್ಮನೆ ಬಿಳಿಚಿಕೊಂಡು ಒರಗಿರುವವರ ಕಡೆಗೇ ಮೊದಲು ಹೋಗಬೇಕು. ಹಸಿರಿನಲ್ಲಿ ಕೂತವರೂ ಹಾಗೆಯೇ. ಹೊಟ್ಟೆಯೊಳಗೆ ರಕ್ತ ಸೋರುತ್ತಿದ್ದರೂ ಅರ್ಧ ಗಂಟೆ ಮಾತಾಡುತ್ತಾ ಇರಬಲ್ಲರು. ಅದಕ್ಕೇ ಮತ್ತೆ ಮತ್ತೆ ನೋಡಿ ಬಣ್ಣ ಬದಲಿಸುತ್ತೇವೆ.

ಸೀಟಿನಡಿ ತೊಡೆ ಸಿಕ್ಕಿ ಗಂಟೆ ದಾಟಿದವರನ್ನು ಎಳೆದುಬಿಡುವುದು ಇನ್ನೊಂದು ಅಪಾಯ. ಜಜ್ಜಿದ ಮಾಂಸದಲ್ಲಿ ತುಂಬಿದ ಪೊಟ್ಯಾಸಿಯಂ ಒಮ್ಮೆಲೇ ರಕ್ತಕ್ಕೆ ನುಗ್ಗಿ ಹೃದಯ ನಿಲ್ಲಬಹುದು. ಬಿಡಿಸುವ ಮೊದಲೇ ನಾರ್ಮಲ್ ಸಲೈನ್ (ಉಪ್ಪುನೀರಿನ ಡ್ರಿಪ್) ಹಾಕಬೇಕು, ದೊಡ್ಡವರಿಗೆ ಗಂಟೆಗೆ ಸುಮಾರು 1 ಲೀಟರ್. ರಿಂಗರ್ ಲ್ಯಾಕ್ಟೇಟ್ ಎಂಬ ಇನ್ನೊಂದು ಡ್ರಿಪ್ ಬೇಡ, ಅದರಲ್ಲೇ ಪೊಟ್ಯಾಸಿಯಂ ಇದೆ.

ಆಮ್ಲಜನಕವೂ ಲೆಕ್ಕದ್ದೇ. ಬಿ ಟೈಪ್ ಸಿಲಿಂಡರಿನಲ್ಲಿ ಸುಮಾರು 1500 ಲೀಟರ್. ನಿಮಿಷಕ್ಕೆ 10 ಲೀಟರಿನಂತೆ ಒಬ್ಬರಿಗೆ ಎರಡೂವರೆ ಗಂಟೆ, ನಾಲ್ವರಿಗೆ ಹಂಚಿದರೆ ನಲವತ್ತು ನಿಮಿಷವೂ ಇಲ್ಲ.

ನೀವು ಆ ಕಡೆಯವರಾದರೆ ಮಾಡಬಹುದಾದದ್ದು ಬೇಕಾದಷ್ಟಿದೆ. ವಾಹನಗಳನ್ನು ಒಂದೇ ಬದಿಗೆ ನಿಲ್ಲಿಸಿ, ಒಂದು ಸಾಲು ಖಾಲಿ ಬಿಡಿಸಿ. ನೋಡಲು ನಿಂತ ಕಾರುಗಳೇ ಎಷ್ಟೋ ಸಲ ಎರಡನೇ ಆಂಬುಲೆನ್ಸನ್ನು ತಡೆಯುತ್ತವೆ. ಕಣದಲ್ಲಿ ಕಾಫಿ ಒಣಗಿಸುವ ಟಾರ್ಪಾಲು, ಕಂಬಳಿ ತನ್ನಿ. ಮೈ ತಣ್ಣಗಾದರೆ ರಕ್ತ ಸರಿಯಾಗಿ ಹೆಪ್ಪುಗಟ್ಟುವುದಿಲ್ಲ, ಹಾಗಾಗಿ ಮೇಲೆ ಹೊದಿಸಿದಷ್ಟೇ ಮುಖ್ಯ ಕೆಳಗೆ ಹಾಸುವುದು. ಪೊಲೀಸ್ ಕೇಸಿನ ಹೆದರಿಕೆ ಬೇಡ, ಮೋಟಾರು ವಾಹನ ಕಾಯ್ದೆಯ 134ಎ ಕಲಮು ನೆರವಾದವರನ್ನು ಕಾಪಾಡುತ್ತದೆ. ಜೀಪುಗಳಲ್ಲಿ ಹಸಿರಿನವರನ್ನು ಕಳಿಸುವುದಿದ್ದರೆ ಇಎಂಟಿಯನ್ನು ಕೇಳಿಯೇ ಕಳಿಸಿ. ಎಲ್ಲರೂ ಮೂಡಿಗೆರೆ ಆಸ್ಪತ್ರೆಗೇ ನುಗ್ಗಿದರೆ ಹಿಂದೆ ಬರುವ ಕೆಂಪಿನವರಿಗೆ ಮಂಚ ಸಿಗುವುದಿಲ್ಲ, ಸಣ್ಣ ಗಾಯದವರು ಚಿಕ್ಕಮಗಳೂರಿನವರೆಗೆ ಹೋಗಬಲ್ಲರು. ಹೊರಡುವ ಜೀಪಿನ ನಂಬರು, ಎಷ್ಟು ಜನ, ಯಾವ ಆಸ್ಪತ್ರೆ, ಎಷ್ಟು ಹೊತ್ತಿಗೆ ಎಂದು ಒಂದು ಹಾಳೆಯಲ್ಲಿ ಬರೆದಿಡಿ. ರಾತ್ರಿ ಹುಡುಕಿಕೊಂಡು ಬರುವ ಮನೆಯವರಿಗೆ ತೋರಿಸಲು ಅದೊಂದೇ ಹಾಳೆ ಇರುತ್ತದೆ.