ದೊಡ್ಡಬಳ್ಳಾಪುರದ ಹತ್ತಿರ ಮಳೆ ನಂಬಿ ರಾಗಿ ಬೆಳೆಯಲು ಸರಿಯಾದ ಸಲಹೆ ಯಾರು ಕೊಡುತ್ತಾರೆ?
ಬೆಂಗಳೂರಿನಲ್ಲಿ ಕೆಲಸ, ದೊಡ್ಡಬಳ್ಳಾಪುರದ ಹತ್ತಿರ ಎರಡು ಎಕರೆ ಖುಷ್ಕಿ ಹೊಲ, ಈ ಸಲ ರಾಗಿ ಹಾಕಬೇಕು ಅಂತ ಬರೆದಿದ್ದೀರಿ. ನಾನಿರುವುದು ಯಲಹಂಕದಲ್ಲಿ, ನಮ್ಮ ಹೊಲವೂ ಅದೇ ಕಡೆ.

ಮೊದಲು ನಿಮ್ಮ ಹೋಬಳಿಯ ರೈತ ಸಂಪರ್ಕ ಕೇಂದ್ರಕ್ಕೆ ಹೋಗಿ. ರಿಯಾಯಿತಿ ದರದ ಬಿತ್ತನೆ ಬೀಜ ಅಲ್ಲಿ ಸಿಗುತ್ತದೆ. ಫ್ರೂಟ್ಸ್ ಐಡಿ (ಸರ್ಕಾರದಲ್ಲಿ ರೈತರ ನೋಂದಣಿ ಸಂಖ್ಯೆ) ಇಲ್ಲದಿದ್ದರೆ ಅಲ್ಲೇ ಮಾಡಿಸಿಕೊಳ್ಳಿ, ಮುಂದೆ ಬೆಂಬಲ ಬೆಲೆಗೆ ರಾಗಿ ಕೊಡಲೂ ಅದು ಬೇಕು.

ಆದರೆ ಸುಮ್ನೆ "ಯಾವ ರಾಗಿ ಒಳ್ಳೇದು" ಅಂತ ಕೇಳಬೇಡಿ. "ಈ ವಾರ ಬಿತ್ತಿದರೆ ಯಾವ ತಳಿ ಹಾಕಲಿ" ಅಂತ ಕೇಳಿ. ರಾಗಿಯಲ್ಲಿ ಬಿತ್ತುವ ತಾರೀಖು ನೋಡಿಯೇ ತಳಿ ಆರಿಸಬೇಕು. ಜೂನ್ ಕೊನೆಯಲ್ಲೇ ಹದ ಸಿಕ್ಕರೆ ಎಂಆರ್-6, ಅದು ನಾಲ್ಕು ತಿಂಗಳ ಬೆಳೆ. ಜುಲೈ ಕೊನೆಗೆ ಹೋದರೆ ಜಿಪಿಯು-28. ಆಗಸ್ಟ್ ಅರ್ಧ ಕಳೆದರೆ ನೂರು ದಿನದೊಳಗೆ ಬರುವ ಜಿಪಿಯು-48. ತಡವಾದಾಗ ನಾಲ್ಕು ತಿಂಗಳದ್ದು ಬಿತ್ತಿದರೆ, ಕಾಳು ಕಟ್ಟುವ ಹೊತ್ತಿಗೆ ಮಳೆಯೇ ಇರುವುದಿಲ್ಲ.

ಒಂದು ಹೋಬಳಿಯ ಅಷ್ಟೂ ಹಳ್ಳಿಗೆ ಇರುವ ಸಿಬ್ಬಂದಿ ಬೆರಳೆಣಿಕೆ. ಎಲ್ಲರ ಹೊಲಕ್ಕೂ ಬರಲು ಅವರಿಗೆ ಆಗುವುದಿಲ್ಲ, ಪೈರನ್ನೇ ಅವರ ಹತ್ತಿರ ಒಯ್ಯಿರಿ. ಬೆಂಕಿ ರೋಗ ಬಂದರೆ ಎಲೆ ಮೇಲೆ ಎರಡೂ ತುದಿ ಚೂಪಾದ, ನಡುವೆ ಬೂದಿ ಬಣ್ಣದ ಚುಕ್ಕೆ ಕಾಣುತ್ತದೆ. ಅದೇ ರೋಗ ತೆನೆಯ ಕತ್ತಿಗೆ ಬಿದ್ದರೆ ಕತ್ತು ಕಪ್ಪಾಗಿ, ಮೇಲಿನ ತೆನೆ ಜೊಳ್ಳಾಗುತ್ತದೆ. ಅಂಥ ಎರಡು ಮೂರು ಪೈರನ್ನು ಬೇರು ಸಮೇತ ಕಿತ್ತು ತೋರಿಸಿ. ಮೊಬೈಲ್ ಫೋಟೊಗಿಂತ ಅದೇ ವಾಸಿ. ಜಿಪಿಯು-28 ನಮ್ಮ ಕಡೆ ಅಷ್ಟು ಹೆಸರು ಮಾಡಿದ್ದೂ ಈ ರೋಗ ತಡೆಯುತ್ತದೆ ಎಂದೇ.

ಇನ್ನೂ ಜಾಸ್ತಿ ತಿಳಿಯಬೇಕಾದರೆ ಹಾಡೋನಹಳ್ಳಿಯಲ್ಲಿ ಕೃಷಿ ವಿಜ್ಞಾನ ಕೇಂದ್ರವಿದೆ, ನಿಮಗೆ ಹತ್ತಿರವೇ. ಅಲ್ಲಿನ ವಿಜ್ಞಾನಿಗಳು ರೈತರ ಹೊಲದಲ್ಲೇ ಪ್ರಾತ್ಯಕ್ಷಿಕೆ ಮಾಡುತ್ತಾರೆ. ನಿಮ್ಮ ಹೊಲವನ್ನೂ ಸೇರಿಸಿಕೊಳ್ಳಿ ಅಂತ ಕೇಳಿ, ಸಂಕೋಚ ಬೇಡ. ನವೆಂಬರ್‌ನಲ್ಲಿ ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ಜಿಕೆವಿಕೆ ಆವರಣದಲ್ಲಿ ಕೃಷಿ ಮೇಳ ನಡೆದಾಗ ಮಳಿಗೆ ಸುತ್ತುವ ಬದಲು ಬೆಳೆ ತಾಕುಗಳ ಕಡೆ ನಡೆಯಿರಿ. ಬೇರೆ ಬೇರೆ ತಳಿ ಅಕ್ಕಪಕ್ಕ ನಿಂತಿರುತ್ತವೆ. ತೆನೆ ಮುಟ್ಟಿ ನೋಡಬಹುದು, ಬಂದ ರೈತರ ಜೊತೆ ಮಾತಾಡಬಹುದು.

ದ್ರಾಕ್ಷಿ, ಗುಲಾಬಿ ಬೆಳೆಯುವವರನ್ನು ಔಷಧಿ ಕಂಪನಿಯವರೇ ಹುಡುಕಿಕೊಂಡು ಬರುತ್ತಾರೆ. ರಾಗಿಯವರಿಂದ ಅವರಿಗೆ ಏನು ಲಾಭ? ಹಾಗಾಗಿ ನಮಗೆ ಈ ಸರ್ಕಾರಿ ಕೇಂದ್ರಗಳೇ ಆಸರೆ. ನಾವು ಹೋಗಿ ಕೇಳದಿದ್ದರೆ ಅವೂ ಬೀಜ ಹಂಚುವ ಅಂಗಡಿಯಾಗಿಬಿಡುತ್ತವೆ ಅಂತ ನನಗೆ ನಿಜಕ್ಕೂ ಭಯವಿದೆ.

ಹೊಲದಲ್ಲಿ ನಿಂತಾಗಲೇ ಅನುಮಾನ ಬಂದರೆ ಕಿಸಾನ್ ಕಾಲ್ ಸೆಂಟರ್ 1800-180-1551. ದುಡ್ಡು ಬೀಳುವುದಿಲ್ಲ, ಕನ್ನಡದಲ್ಲೇ ಮಾತಾಡಬಹುದು.