ಎರಡನೆಯ ಪದರದಲ್ಲಿ ಭದ್ರತೆ ಕುಗ್ಗುತ್ತದೆಯೇ?

ವಹಿವಾಟುಗಳನ್ನು ಎರಡನೆಯ ಪದರಕ್ಕೆ, ಅಂದರೆ ಮೂಲ ಬ್ಲಾಕ್‌ಚೈನ್‌ನ (ಹಲವು ಗಣಕಗಳು ಒಟ್ಟಾಗಿ ಕಾಯುವ ವಹಿವಾಟು ದಾಖಲೆಗಳ ಸರಪಳಿಯ) ಮೇಲೆ ಕಟ್ಟಿದ ಪ್ರತ್ಯೇಕ ಜಾಲಕ್ಕೆ, ಸಾಗಿಸಿದರೆ ಆ ಬ್ಲಾಕ್‌ಚೈನ್‌ನ ಭದ್ರತೆ ಕುಗ್ಗುವುದಿಲ್ಲವೇ ಎಂದು ತಾವು ಕೇಳಿದ್ದೀರಿ. ವಿನ್ಯಾಸ ಸರಿಯಾಗಿದ್ದರೆ ಕುಗ್ಗಬೇಕಾಗಿಲ್ಲ.

ಎಥೀರಿಯಂ ಎಂಬ ಬ್ಲಾಕ್‌ಚೈನ್‌ನ ಮೇಲಿರುವ, ರೋಲಪ್ ಎಂಬ ಬಗೆಯ ಎರಡನೆಯ ಪದರಗಳನ್ನೇ ನೋಡಿ: ನೂರಾರು ವಹಿವಾಟುಗಳನ್ನು ಹೊರಗೆ ನಡೆಸಿ, ಅವುಗಳ ದತ್ತಾಂಶವನ್ನು ಕುಗ್ಗಿಸಿ ಒಂದೇ ಕಟ್ಟಾಗಿ ಮೂಲ ಸರಪಳಿಗೆ ಒಪ್ಪಿಸುವುದರಿಂದ, ಅಲ್ಲಿನ ನೋಡ್‌ಗಳು (ಜಾಲವನ್ನು ನಡೆಸುವ ಗಣಕಗಳು) ಪ್ರತಿಯೊಂದು ಲೆಕ್ಕವನ್ನೂ ಮತ್ತೆ ಮಾಡಬೇಕಾಗುವುದಿಲ್ಲ, ಆದರೂ ದತ್ತಾಂಶ ಬಹಿರಂಗವಾಗಿರುವ ಕಾರಣ ಯಾರು ಬೇಕಾದರೂ ತಾಳೆ ನೋಡಬಹುದು. ಯಾರೂ ಪ್ರಶ್ನಿಸದಿದ್ದರೆ ಲೆಕ್ಕ ಸರಿಯೆಂದೇ ಒಪ್ಪುವ ಆಪ್ಟಿಮಿಸ್ಟಿಕ್ ರೋಲಪ್‌ನಿಂದ ಹಣ ಹಿಂಪಡೆಯಲು ಸಾಮಾನ್ಯವಾಗಿ 7 ದಿನ ಕಾಯಬೇಕಾಗುವುದು, ಆ ಅವಧಿಯಲ್ಲಿ ಒಬ್ಬನೇ ಒಬ್ಬ ಪ್ರಾಮಾಣಿಕ ಪರಿಶೀಲಕನಾದರೂ ಸುಳ್ಳು ಲೆಕ್ಕವನ್ನು ಪ್ರಶ್ನಿಸಲಿ ಎಂದೇ. 2024ರ ಮಾರ್ಚ್‌ನಲ್ಲಿ ಎಥೀರಿಯಂಗಾದ ಡೆನ್‌ಕುನ್ ಪರಿಷ್ಕರಣೆ ಈ ದತ್ತಾಂಶಕ್ಕೆಂದೇ ‘ಬ್ಲಾಬ್’ ಎಂಬ ಅಗ್ಗದ ಜಾಗವನ್ನು ಒದಗಿಸಿತು.

ನನ್ನ ನಿಜವಾದ ಆತಂಕ ಬೇರೆಯದು: ಎರಡು ಪದರಗಳ ನಡುವೆ ಹಣ ಸಾಗಿಸುವ ಸೇತುವೆಯ ಒಪ್ಪಂದವನ್ನು (ತಾನಾಗಿ ನಡೆಯುವ ಪ್ರೋಗ್ರಾಂ ಅನ್ನು) ಬದಲಿಸುವ ಗುಪ್ತ ಡಿಜಿಟಲ್ ಕೀಲಿಗಳು ಕೆಲವರ ಕೈಯಲ್ಲಷ್ಟೇ ಇದ್ದರೆ, ಮೂಲ ಸರಪಳಿಯ ಭದ್ರತೆ ತಮ್ಮ ಹಣವನ್ನು ಕಾಯಲಾರದು. ದಯವಿಟ್ಟು ಅದನ್ನು ಮೊದಲು ಪರಿಶೀಲಿಸಿ.